ಮೇಲೇಳದ ಹೆಬ್ಬೆರಳು

ಅಪ್ಪ ಬರುತ್ತಿರುವುದು ಕಣ್ಣಿಗೆ ಕಾಣುವ ಮೊದಲೇ ನಮಗೆ ಕಿವಿಯಿಂದ ಗೊತ್ತಾಗುತ್ತಿತ್ತು. ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ಅದರ ಹಿಂದಿನ ಅಂಗಳಕ್ಕೆ ಅಂಟಿಕೊಂಡೇ ಮನೆ. ಮಧ್ಯಾಹ್ನ ಊಟಕ್ಕೆಂದು ಅಪ್ಪ ಆ ಸಿಮೆಂಟಿನ ಅಂಗಳ ದಾಟುವಾಗ ಟಪ್, ಟಪ್ ಎಂದು ಅಂಗಾಲು ನೆಲಕ್ಕೆ ಬಡಿಯುತ್ತಿತ್ತು. ಗಿರಣಿ ಓಡುತ್ತಿದ್ದರೂ ಅವ್ವನಿಗೆ ಆ ಸದ್ದು ಕೇಳುತ್ತಿತ್ತು. ಅದು ಕೇಳಿಸಿದ ಮೇಲೇ ಅವಳು ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು.

ಅಪ್ಪನ ನಡಿಗೆಯೇ ಹಾಗೆ. ಮೊಣಕಾಲನ್ನು ಉಳಿದವರಿಗಿಂತ ತುಸು ಮೇಲಕ್ಕೆ ಎತ್ತುತ್ತಿದ್ದ. ಪಾದ ಮಾತ್ರ ತುದಿ ಕೆಳಗಾಗಿ ಜೋತುಬಿದ್ದಿರುತ್ತಿತ್ತು, ಆಮೇಲೆ ಇಡಿಯಾಗಿ ನೆಲಕ್ಕೆ ಬೀಳುತ್ತಿತ್ತು. ಗದ್ದೆಯ ಕೆಸರಿನಲ್ಲಿ ಕೊಕ್ಕರೆ ಹೆಜ್ಜೆಯಿಡುವುದನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಅಜ್ಜನೂ ಹೀಗೇ ನಡೆಯುತ್ತಿದ್ದನಂತೆ. ಹಾಗಾಗಿ ಊರಿನಲ್ಲಿ ನಮ್ಮದು ‘ಟಪಟಪ ಮನಿ’. ಅದರಲ್ಲಿ ಕುಹಕ ಇರಲಿಲ್ಲ. ಬಸ್ಸಿಳಿದ ನೆಂಟರು ದಾರಿ ಕೇಳಿದರೆ, “ಟಪಟಪ ಮನಿಗೇನ್ರಿ? ಸೀದಾ ಹೋಗ್ರಿ, ಕಾಲುವಿ ದಾಟಿದ ಕೂಡ್ಲೇ ಎಡಕ್ಕ” ಎನ್ನುವ ಹಾಗೆ, ಅದೊಂದು ಗುರುತು ಅಷ್ಟೇ.

ಗಿರಣಿಯಲ್ಲಿ ಆ ಕಾಲು ಅಪ್ಪನ ಉಪಯೋಗಕ್ಕೂ ಬರುತ್ತಿತ್ತು. ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಹರವಿದ ಮೇಲೆ, ಅದರ ನಡುವೆ ಕಾಲೆಳೆಯುತ್ತಾ ನಡೆದು ತಿರುವಿ ಹಾಕಬೇಕು. ಹೊಸದಾಗಿ ಬಂದ ಆಳುಗಳು ಕಾಲು ಎತ್ತಿ ಎತ್ತಿ ಇಟ್ಟು ಭತ್ತ ತುಳಿಯುತ್ತಿದ್ದರು. ಅಪ್ಪನ ಪಾದದ ತುದಿ ತಾನಾಗಿಯೇ ಕೆಳಗೆ ಬಾಗಿರುತ್ತಿದ್ದುದರಿಂದ ಅವನು ಸುಮ್ಮನೆ ನಡೆದರೂ ನೇಗಿಲು ಹೊಡೆದ ಹಾಗೆ ಸಾಲು ಬೀಳುತ್ತಿದ್ದವು. ಆ ಸಾಲುಗಳನ್ನು ನೋಡಿಕೊಂಡು ಅವನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ ಭಂಗಿ ನನಗೆ ಈಗಲೂ ಇಷ್ಟ.

ನನ್ನ ಕಾಲೂ ಅದೇ ಎಂದು ನನಗೆ ಗೊತ್ತಾಗಿದ್ದು ತಮ್ಮನಿಂದ. ಇಬ್ಬರೂ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದೆವು. ಅವನು ಹೆಬ್ಬೆರಳನ್ನು ಹಾವಿನ ಹೆಡೆಯಂತೆ ಎತ್ತಿ, “ನೀನೂ ಎತ್ತಕ್ಕ, ಜಗಳ ಹಚ್ಚೋಣು” ಎಂದ. ನಾನು ಎತ್ತಲು ನೋಡಿದೆ. ಬೆರಳು ಏಳಲಿಲ್ಲ. ಕೈಯಿಂದ ಎತ್ತಿ ಬಿಟ್ಟೆ, ಬಿದ್ದುಹೋಯಿತು. ನನಗೆ ದುಃಖವೇನೂ ಆಗಲಿಲ್ಲ. ಕೆಲವರು ಕಿವಿ ಅಲ್ಲಾಡಿಸುತ್ತಾರಲ್ಲ, ಇದೂ ಅಂಥದೇ ಒಂದು ವಿದ್ಯೆ, ನನಗೆ ಬರುವುದಿಲ್ಲ ಅಷ್ಟೇ ಎಂದುಕೊಂಡೆ.

ಕುಂಟೆಬಿಲ್ಲೆಯಲ್ಲಿ ನಾನು ಎಡವುತ್ತಿದ್ದೆ. ಹವಾಯಿ ಚಪ್ಪಲಿ ಕಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಹಿಮ್ಮಡಿಗೆ ಪಟ್ಟಿಯಿರುವುದೇ ಆಗಬೇಕು. “ಕಾಲೆತ್ತಿ ನಡೀಲೇ, ಹೆಣ್ಣು ಹುಡುಗಿ ಹಿಂಗ ಬಡಕೋತ ನಡದ್ರ ಹೆಂಗ?” ಎಂದು ಅವ್ವ ಗದರುತ್ತಿದ್ದಳು. ಅಪ್ಪ ಮಾತ್ರ, “ನಮ್ಮ ಮನಿ ಕಾಲು ಅದು. ಬಿಡು ಅದನ್ನ” ಎನ್ನುತ್ತಿದ್ದ.

ನನ್ನನ್ನು ನೋಡಲು ಸಂಡೂರಿನಿಂದ ಗಂಡಿನವರು ಬಂದ ದಿನ ಅವ್ವ, “ಮೆಲ್ಲಕ ನಡಿ, ಸದ್ದು ಮಾಡಬ್ಯಾಡ” ಎಂದು ಹೇಳಿ ಕೈಗೆ ಚಹದ ತಟ್ಟೆ ಕೊಟ್ಟಳು. ಮೆಲ್ಲಗೆ ನಡೆಯಲು ಹೋಗಿಯೇ ಎಡವಟ್ಟಾಯಿತು. ಹೊಸ್ತಿಲಿಗೆ ಹೆಬ್ಬೆರಳು ತಾಗಿ, ಮುಗ್ಗರಿಸಿ, ಎರಡು ಕಪ್ಪಿನ ಚಹ ತಟ್ಟೆಯಲ್ಲೇ ಚೆಲ್ಲಿತು. ಗಂಡು ಬಾಗಿಲ ಕಡೆ ನೋಡಿ, “ಹೊಸ್ತಿಲಾ ಭಾಳ ಎತ್ತರ ಅದ ಬಿಡ್ರಿ. ಬರ್ತಾ ನಾನೂ ಎಡವಿದೆ” ಎಂದ. ಅವನು ಎಡವಿರಲಿಲ್ಲ. ನಾನು ಕಿಟಕಿಯಿಂದ ನೋಡಿದ್ದೆ. ಮದುವೆಗೆ ನಾನು ಒಪ್ಪಿಕೊಂಡಿದ್ದು ಆ ಸುಳ್ಳಿಗೆ.

ನನ್ನ ಗಂಡನಿಗೆ ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ನನಗೆ ಹೊಸಪೇಟೆಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್ ಕೆಲಸ ಸಿಕ್ಕಿತು. ಮನೆ ಹೊಸಪೇಟೆಯಲ್ಲೇ ಮಾಡಿದೆವು. ಒಬ್ಬಳು ಮಗಳು ಹುಟ್ಟಿದಳು. ವರ್ಷಗಳು ಹೋದ ಹಾಗೆ ನನ್ನ ಕಾಲು ತುಸು ತುಸುವೇ ಭಾರವಾಗುತ್ತಿತ್ತು, ಆದರೆ ಅದೆಷ್ಟು ನಿಧಾನವೆಂದರೆ ನನಗೇ ತಿಳಿಯುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತುವಾಗ ಸೀರೆಯ ನೆರಿಗೆಯ ಜೊತೆ ಮೊಣಕಾಲನ್ನೂ ಎತ್ತುವುದು ರೂಢಿಯಾಗಿತ್ತು. ಬೋರ್ಡಿನ ಮೇಲೆ ಬರೆಯುವಾಗ ಬಲಗೈಯ ಕೊನೆಯ ಎರಡು ಬೆರಳು ಜೋತುಬಿದ್ದು ಆಗಷ್ಟೇ ಬರೆದ ಅಕ್ಷರಗಳನ್ನು ಒರೆಸಿಬಿಡುತ್ತಿದ್ದವು. ವಯಸ್ಸು ಎಂದುಕೊಂಡೆ.

ನಮ್ಮ ಶಾಲೆಯ ಹುಡುಗಿಯರನ್ನು ವರ್ಷಕ್ಕೊಮ್ಮೆ ಹಂಪಿಗೆ ಕರೆದುಕೊಂಡು ಹೋಗುವ ರೂಢಿ. ಇಷ್ಟು ಹತ್ತಿರದ ಊರಿಗೆ ಪ್ರವಾಸವೇ ಎಂದು ಮಕ್ಕಳು ಮುಖ ಸಿಂಡರಿಸಿದರೂ, ಬುತ್ತಿ ಕಟ್ಟಿಕೊಂಡು ಹೊರಟ ಮೇಲೆ ಗಲಾಟೆಗೇನೂ ಕಮ್ಮಿಯಿರುವುದಿಲ್ಲ. ಆ ಸಲ ಹೇಮಕೂಟದ ಹಾಸುಬಂಡೆ ಇಳಿಯುತ್ತಿದ್ದೆವು. ಅಲ್ಲಿ ಕಲ್ಲಿನಲ್ಲೇ ಕಡಿದ ಸಣ್ಣ ಸಣ್ಣ ಮೆಟ್ಟಿಲುಗಳಿವೆ. ನಾನು ಹಿಂದೆ ತಿರುಗಿ, “ಓಡಬ್ಯಾಡ್ರೇ, ಜಾರ್ತದ” ಎಂದು ಕೂಗಿ ಮುಂದೆ ಹೆಜ್ಜೆಯಿಟ್ಟೆ. ಹೆಬ್ಬೆರಳು ಮೆಟ್ಟಿಲಿನ ಅಂಚಿಗೆ ಸಿಕ್ಕಿತು. ಅಂಗೈ ಊರಿ ಬಿದ್ದೆ. ಹುಡುಗಿಯರು ಮೊದಲು ನಕ್ಕರು, ಆಮೇಲೆ ನನ್ನ ಮಣಿಕಟ್ಟು ಊದುತ್ತಿರುವುದನ್ನು ನೋಡಿ ಅಳತೊಡಗಿದರು. ಅವರನ್ನು ಸಮಾಧಾನ ಮಾಡುವುದರಲ್ಲಿ ನನ್ನ ನೋವು ಸ್ವಲ್ಪ ಮರೆತುಹೋಯಿತು.

ಹೊಸಪೇಟೆಯ ಒಂದು ದವಾಖಾನೆಯಲ್ಲಿ ಎಲುಬಿನ ಡಾಕ್ಟರು ಒಬ್ಬ ಎಳೆಯ ವಯಸ್ಸಿನ ಹೆಣ್ಣುಮಗಳು. ಕೈಯ ಎಕ್ಸ್‌ರೇ ನೋಡಿ, ಸಣ್ಣ ಬಿರುಕು, ಪಟ್ಟಿ ಹಾಕಿದರೆ ಸಾಕು ಎಂದಳು. ಪಟ್ಟಿ ಹಾಕಿಯಾಯಿತು. ನಾನು ಎದ್ದು ಬಾಗಿಲ ತನಕ ಹೋಗಿದ್ದೆ.

“ಟೀಚರ್, ಸ್ವಲ್ಪ ನಿಲ್ರಿ. ಅಲ್ಲಿಂದ ಇಲ್ಲಿಗೆ ಇನ್ನೊಮ್ಮೆ ನಡದು ಬರ್ರಿ.”

ನಡೆದು ಬಂದೆ.

“ಹಿಮ್ಮಡಿ ಮ್ಯಾಲ ನಿಂತು ನಡೀರಿ ನೋಡೋಣ.”

ಆಗಲಿಲ್ಲ. ತುದಿಗಾಲಲ್ಲಿ ನಿಲ್ಲಲು ಹೇಳಿದಳು, ಅದು ಚೆನ್ನಾಗಿಯೇ ಬಂತು. ಮಂಚದ ಮೇಲೆ ಕೂರಿಸಿ, “ಹೆಬ್ಬೆರಳು ಮ್ಯಾಲೆತ್ರಿ” ಎಂದಳು. ಬೆರಳು ಎಂದಿನಂತೆ ಮಲಗಿಕೊಂಡೇ ಇತ್ತು. ಅವಳು ನನ್ನ ಪಾದವನ್ನು ಕೈಯಲ್ಲಿ ಹಿಡಿದುಕೊಂಡು, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಪಕ್ಕ ಬೆರಳಾಡಿಸಿ, “ಇಲ್ಲಿ ಇರಬೇಕಾದ ಖಂಡ ಭಾಳ ಸಣ್ಣ ಆಗೇದ. ನಿಮ್ಮನ್ಯಾಗ ಮತ್ಯಾರಿಗರ ಹಿಂಗ ಅದ ಏನ್ರಿ?” ಎಂದು ಕೇಳಿದಳು.

ನನಗೆ ನಗು ತಡೆಯಲಾಗಲಿಲ್ಲ. “ನಮ್ಮ ಮನಿ ಹೆಸರಾ ಟಪಟಪ ಮನಿ ಅಂತ ಐತ್ರಿ” ಎಂದೆ.

ಅವಳು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಅಪ್ಪ, ಅಜ್ಜ, ಅತ್ತೆಯರು ಎಂದು ಒಬ್ಬೊಬ್ಬರ ಬಗ್ಗೆಯೂ ಕೇಳಿದಳು. ಹೊರಗೆ ಪಾಳಿ ಹಚ್ಚಿ ಕೂತವರು ಬಾಗಿಲಲ್ಲಿ ಇಣುಕುತ್ತಿದ್ದರೂ ಅವಳಿಗೆ ಅವಸರವಿರಲಿಲ್ಲ. ಕೊನೆಗೆ, “ಇದು ನರದ್ದಲ್ಲ, ಸ್ನಾಯುವಿಂದು ಅನ್ನಿಸ್ತದ. ನನ್ನ ಕೆಲಸ ಎಲುಬು, ನನಗ ಪೂರಾ ಗೊತ್ತಿಲ್ಲ. ಬೆಂಗಳೂರಿಗೆ ಹೋಗಿ ತೋರಿಸ್ಕೊಂಡು ಬರ್ರಿ. ಹೆದರಬ್ಯಾಡ್ರಿ, ಆದ್ರ ಬಿಡಬ್ಯಾಡ್ರಿ” ಎಂದಳು.

ಅಷ್ಟು ವರ್ಷ ಅದು ನಮ್ಮ ಮನೆಯ ಚಾಳಿಯಾಗಿತ್ತು. ಆ ಸಂಜೆಯಿಂದ ಕಾಯಿಲೆಯಾಯಿತು. ಮನೆಗೆ ಬಂದು ನಾನು ನನ್ನ ಪಾದಗಳನ್ನೇ ನೋಡುತ್ತಾ ಕೂತೆ. ಗಂಡ ಪಾಳಿ ಮುಗಿಸಿ ಬಂದವರು ಎಲ್ಲ ಕೇಳಿಸಿಕೊಂಡು, “ಹೋಗಿ ಬರೋಣ. ಮಷೀನು ಹಿಂಗ ಯಾಕ ಸದ್ದು ಮಾಡ್ತದ ಅಂತ ಗೊತ್ತಾದ್ರ ಅರ್ಧ ರಿಪೇರಿ ಆದಂಗ” ಎಂದರು. ಫಿಟ್ಟರಿಗೆ ಎಲ್ಲವೂ ಮಷೀನೇ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕಾಲಿಗೆ ಸಣ್ಣ ಸಣ್ಣ ಕರೆಂಟು ಕೊಟ್ಟು ನರಗಳನ್ನು ನೋಡಿದರು. ನರ ಸರಿಯಿತ್ತು. ಸ್ನಾಯುವಿಗೆ ಸೂಜಿ ಚುಚ್ಚಿ ನೋಡಿದರು. ರಕ್ತ ತೆಗೆದುಕೊಂಡು ವಂಶವಾಹಿಯ ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶಕ್ಕೆ ಕಾಯಬೇಕಿತ್ತು. ಕಾಯುವಾಗ ನಾನು ಪಾಠ ಮಾಡಿದೆ, ಉಪ್ಪಿನಕಾಯಿ ಹಾಕಿದೆ, ಪೇಪರ್ ತಿದ್ದಿದೆ. ಆದರೆ ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಾಗಲೆಲ್ಲ ನನ್ನ ಕಣ್ಣು ಅವಳ ಕಾಲಬೆರಳಿಗೆ ಹೋಗುತ್ತಿತ್ತು. ಅವಳಿಗೂ ಅದು ಗೊತ್ತಾಗುತ್ತಿತ್ತು.

ಫಲಿತಾಂಶ ಬಂದು ಮತ್ತೆ ಬೆಂಗಳೂರಿಗೆ ಹೋದಾಗ ನರರೋಗದ ಡಾಕ್ಟರು ನನ್ನನ್ನೂ ಗಂಡನನ್ನೂ ಕೂರಿಸಿಕೊಂಡು ಮಾತಾಡಿದರು. ನೆರೆತ ಕೂದಲಿನ, ಮೆಲುದನಿಯ ಮನುಷ್ಯ, ಮೈಸೂರು ಕಡೆಯವರು. ಕಾಯಿಲೆಗೆ ಉದ್ದನೆಯ ಹೆಸರೊಂದಿದೆ, ಅದನ್ನು ನೆನಪಿಟ್ಟುಕೊಳ್ಳದಿದ್ದರೂ ನಡೆಯುತ್ತದೆ, ಆದರೆ ಒಂದು ಮಾತು ನೆನಪಿರಲಿ, ಮಯೋಸಿನ್ ಎಂದರು. ಅದು ಸ್ನಾಯುವಿನೊಳಗೆ ಇರುವ ಒಂದು ಪ್ರೋಟೀನು.

“ಬಾವಿಯಿಂದ ನೀರು ಸೇದಿದೀರಾ?” ಎಂದು ಕೇಳಿದರು.

“ಸಣ್ಣಾಕಿದ್ದಾಗ ದಿನಾ ಸೇದ್ತಿದ್ದೆ ರೀ.”

“ಒಂದು ಕೈ ಹಗ್ಗ ಹಿಡಿಯುತ್ತೆ, ಎಳೆಯುತ್ತೆ, ಬಿಡುತ್ತೆ. ಅಷ್ಟರಲ್ಲಿ ಇನ್ನೊಂದು ಕೈ ಮುಂದೆ ಹೋಗಿ ಹಿಡಿದಿರುತ್ತೆ. ಮಯೋಸಿನ್ ಮಾಡೋದು ಇದನ್ನೇ. ಅದಕ್ಕೊಂದು ತಲೆ ಇದೆ, ಒಂದು ಬಾಲ ಇದೆ. ತಲೆ ಪಕ್ಕದ ಎಳೆಯನ್ನ ಹಿಡಿದು ಬಾಗುತ್ತೆ, ಎಳೆ ಸರಿಯುತ್ತೆ, ಆಮೇಲೆ ಬಿಡುತ್ತೆ. ಇಂಥ ಲೆಕ್ಕವಿಲ್ಲದಷ್ಟು ತಲೆಗಳು ಒಟ್ಟಿಗೆ ಎಳೆದರೆ ನಿಮ್ಮ ರೆಪ್ಪೆ ಒಂದು ಸಲ ಮುಚ್ಚುತ್ತೆ.”

ನಾನು ಗೊತ್ತಿಲ್ಲದೆ ರೆಪ್ಪೆ ಮುಚ್ಚಿದೆ. ಅವರು ನಕ್ಕರು.

ಇನ್ನೊಂದು ಸಂಗತಿ ಹೇಳಿದರು. ಹಿಡಿದುಕೊಂಡಿದ್ದನ್ನು ಬಿಡಲೂ ಮಯೋಸಿನ್‌ಗೆ ಶಕ್ತಿ ಬೇಕಂತೆ. ನಾವು ತಿಂದ ಅನ್ನದಿಂದ ಆ ಶಕ್ತಿ ಸಿಗುತ್ತದೆ. ಸತ್ತ ದೇಹ ಸೆಟೆದುಕೊಳ್ಳುವುದು ಅದಕ್ಕೇ, ಹಿಡಿದ ತಲೆಗಳಿಗೆ ಬಿಡಲು ಶಕ್ತಿ ಸಿಗುವುದಿಲ್ಲ. ಬಿಡುವುದಕ್ಕೂ ಅನ್ನ ಬೇಕು ಎಂಬ ಮಾತು ಮನಸ್ಸಿನಲ್ಲಿ ನಿಂತಿತು. ತರಗತಿಯಲ್ಲಿ ಎಷ್ಟೋ ಸಲ ಅದನ್ನು ಹೇಳಿದ್ದೇನೆ.

“ನಿಮ್ಮ ಮಯೋಸಿನ್ನಿನ ತಲೆ ಸರಿಯಾಗೇ ಇದೆ” ಎಂದು ಅವರು ಮುಂದುವರಿಸಿದರು. “ತೊಂದರೆ ಬಾಲದಲ್ಲಿ. ಬಾಲಗಳು ಒಂದಕ್ಕೊಂದು ಹೊಸೆದುಕೊಂಡು ಹಗ್ಗದ ಹಾಗೆ ಗಟ್ಟಿಯಾಗಬೇಕು. ನಿಮ್ಮ ಮನೆತನದಲ್ಲಿ ಆ ಬಾಲದ ಸರದಲ್ಲಿ ಒಂದು ಮಣಿ ಕಡಿಮೆ. ಅದರಿಂದ ಹುರಿ ಅಲ್ಲಿ ಸ್ವಲ್ಪ ಸಡಿಲ.”

“ಹೆಬ್ಬೆರಳ ಯಾಕ್ರಿ ಮೊದಲು ಹೋಗ್ತದ? ಮೈಯಾಗ ಎಲ್ಲಾ ಕಡೆ ಖಂಡ ಇರ್ತದಲ್ಲ?”

“ಗೊತ್ತಿಲ್ಲಮ್ಮ” ಎಂದರು. “ನನಗಷ್ಟೇ ಅಲ್ಲ, ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ.”

ಆ ಉತ್ತರ ಕೇಳಿ ನನಗೆ ಅವರ ಮೇಲೆ ನಂಬಿಕೆ ಬಂತು. ಇದಕ್ಕೆ ಔಷಧವಿಲ್ಲ ಎಂದರು. ಆದರೆ ಬಹಳ ನಿಧಾನದ ಕಾಯಿಲೆ, ಹೆಚ್ಚಿನವರು ಮುದುಕರಾಗುವ ತನಕ ತಮ್ಮ ಕಾಲ ಮೇಲೆಯೇ ಓಡಾಡುತ್ತಾರೆ, ಹಿತಮಿತವಾಗಿ ವ್ಯಾಯಾಮ ಮಾಡಿ, ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಹಾಕಿಕೊಳ್ಳಿ ಎಂದರು. ನಾವು ಏಳುವಾಗ ಕೊನೆಯದಾಗಿ, “ಇದೇ ಮಯೋಸಿನ್ ಹೃದಯದಲ್ಲೂ ಕೆಲಸ ಮಾಡುತ್ತೆ. ಒಂದು ಸಲ ಎದೆಯ ಸ್ಕ್ಯಾನ್ ಮಾಡಿಸಿಬಿಡಿ. ನಿಮ್ಮ ತಂದೆಯವರಿಗೂ” ಎಂದರು.

ವಾಪಸು ಬರುವ ರೈಲಿನಲ್ಲಿ ನನ್ನ ಕಾಲು ಮರೆತೇಹೋಗಿತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಬಿಡುವಿಲ್ಲದೆ ಅಲ್ಲಿ ಯಾರೋ ಹಗ್ಗ ಸೇದುತ್ತಲೇ ಇದ್ದಾರೆ ಎಂದು ಯೋಚಿಸಿ ಹೆದರಿಕೆಯೂ ಆಯಿತು, ಒಂದು ಥರದ ಕೃತಜ್ಞತೆಯೂ ಆಯಿತು. ಹೊಸಪೇಟೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, “ನಿಮ್ಮ ಹಾರ್ಟು ಮಸ್ತ್ ಐತ್ರಿ” ಎಂದಾಗ ಗಂಡ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಧೂಳು ಬಿತ್ತು ಎಂದರು.

ಅಪ್ಪನಿಗೆ ಹೇಳಬೇಕಿತ್ತು. ಒಂದು ಭಾನುವಾರ ಕಂಪ್ಲಿಯ ಬಸ್ಸು ಹತ್ತಿದೆ. ಕಮಲಾಪುರ ದಾಟಿದ ಮೇಲೆ ದಾರಿಯುದ್ದಕ್ಕೂ ಬಾಳೆ, ಕಬ್ಬು, ಭತ್ತ. ಹೇಗೆ ಹೇಳುವುದು ಎಂದು ಯೋಚಿಸುತ್ತಾ ಹೋದೆ. ಗಿರಣಿಯನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ, ಆದರೆ ಅಪ್ಪ ದಿನಾ ಬಂದು ಚೀಲಗಳ ಮೇಲೆ ಕೂರುವುದನ್ನು ಬಿಟ್ಟಿಲ್ಲ. ಅಲ್ಲೇ ಪಕ್ಕದಲ್ಲಿ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ಹಂಗಾದ್ರ ಎಳಿಯೋ ಕೈ ಚಲೋ ಅದಾವು. ಹುರಿ ಸಡ್ಲ ಆಗೈತಿ ಅಂತೀ.”

“ಹೌದಪ್ಪ.”

“ನನಗೂ ಅದ?”

“ನಿನಗೂ ಅದ. ಅಜ್ಜಗೂ ಇತ್ತು ಅಂತ ಕಾಣ್ತದ.”

“ಮತ್ತ ನಿನಗ ನನ್ನಿಂದನ ಬಂದೈತಿ?”

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಆದರೂ ಚೀಲದ ಹೊಲಿಗೆಯ ದಾರ ಕೀಳುತ್ತಾ ಕೂತೆ. ಅಪ್ಪ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡ. ಎದ್ದು ಅಂಗಳದ ಆ ತುದಿಗೆ ಹೋಗಿ ನನ್ನ ಕಡೆ ಬೆನ್ನು ಮಾಡಿ ನಿಂತ. ಅವ್ವ ಎರಡು ಸಲ ಊಟಕ್ಕೆ ಕರೆದ ಮೇಲೆ ಬಂದ. ಊಟದಲ್ಲೂ ತಲೆಯೆತ್ತಲಿಲ್ಲ. ನಾನು ಕೈ ತೊಳೆಯುವಾಗ ಹಿಂದೆ ಬಂದು ನಿಂತು ಹೇಳಿದ:

“ನಿನಗ ಹೊಲ ಕೊಡಲಿಲ್ಲ. ಗಿರಣಿ ತಮ್ಮಗ ಹೋತು. ಇದೊಂದನ್ನ ಮಾತ್ರ ಪೂರಾ ಕೊಟ್ಟೆ ನೋಡು.”

ಹೇಳಿ ಅಂಗೈಯಿಂದ ಕಣ್ಣೊರೆಸಿಕೊಂಡ. ಅಪ್ಪ ಅತ್ತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. “ನಿನ್ನ ಮೂಗೂ ನನಗಾ ಬಂದೈತಿ, ನಿನ್ನ ಸಿಟ್ಟೂ ನನಗಾ ಬಂದೈತಿ. ಅವಕ್ಕ ಯಾಕ ಅಳಲಿಲ್ಲ?” ಎಂದೆ. ಅವ್ವ ಒಳಗಿನಿಂದ, “ಸಿಟ್ಟಿಂದಾ ಮೊದಲು ಸ್ಕ್ಯಾನ್ ಮಾಡಿಸ್ರಿ” ಎಂದು ಕೂಗಿದಳು. ಅಪ್ಪ ನಕ್ಕುಬಿಟ್ಟ. ನಗುತ್ತಲೇ ನನ್ನ ತಲೆಯ ಮೇಲೆ ಒದ್ದೆ ಕೈಯಿಟ್ಟ. ನಾನೂ ಅತ್ತೆ. ಅಷ್ಟರ ಮೇಲೆ ಆ ಮಾತು ನಮ್ಮಲ್ಲಿ ಮತ್ತೆ ಬರಲಿಲ್ಲ.

ಸ್ಕ್ಯಾನಿಗೆ ಮಾತ್ರ ಅಪ್ಪ ಬೇಗ ಒಪ್ಪಲಿಲ್ಲ. “ಇಷ್ಟು ವರ್ಷ ನಡದೈತಿ, ಈಗ ಬಿಚ್ಚಿ ನೋಡೋದ್ಯಾಕ?” ಎಂದ. ಬಿಚ್ಚುವುದಿಲ್ಲ, ಮೇಲಿನಿಂದಲೇ ನೋಡುತ್ತಾರೆ ಎಂದು ತಮ್ಮ ಅವನನ್ನು ಹೊಸಪೇಟೆಗೆ ಕರೆತಂದ. ಪರದೆಯ ಮೇಲೆ ತನ್ನ ಹೃದಯ ಬಡಿಯುವುದನ್ನು ಅಪ್ಪ ಬಾಯಿ ತೆರೆದು ನೋಡಿದ. ಅದರ ಗೋಡೆ ತುಸು ದಪ್ಪವಾಗಿತ್ತು. ಬಿಪಿಯಿಂದಲೂ ಇರಬಹುದು, ಮಯೋಸಿನ್ನಿನಿಂದಲೂ ಇರಬಹುದು, ಎರಡಕ್ಕೂ ಆಗುವ ಒಂದು ಮಾತ್ರೆ ಶುರುಮಾಡೋಣ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು ಡಾಕ್ಟರು. ಮೆಟ್ಟಿಲು ಹತ್ತಿದಾಗ ಎದೆ ಹಿಡಿಯುತ್ತಿತ್ತೆಂದು ಅಪ್ಪ ಆಗ ಬಾಯಿಬಿಟ್ಟ. ಮಾತ್ರೆ ಶುರುವಾದ ಮೇಲೆ ಅದು ನಿಂತಿತು. ನಾನು ಹಂಪಿಯಲ್ಲಿ ಬೀಳದಿದ್ದರೆ ಅವನು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಪಾದಪಟ್ಟಿಯನ್ನು ಮೊದಲು ನಾನು ಮಾಡಿಸಿಕೊಂಡೆ. ಕಾಲಿನ ಪ್ಲಾಸ್ಟರ್ ಅಚ್ಚು ತೆಗೆದುಕೊಂಡು ತೆಳ್ಳನೆಯ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಮೀನಖಂಡದ ಹಿಂದಿನಿಂದ ಇಳಿದು ಅಂಗಾಲಿನ ಕೆಳಗೆ ಬರುತ್ತದೆ. ಅದರ ಮೇಲೆ ಬೂಟು. ಸೀರೆಯ ಕೆಳಗೆ ಬೂಟು ಹಾಕಿಕೊಂಡು ಶಾಲೆಗೆ ಹೋದ ಮೊದಲ ದಿನ ಮುಜುಗರವಾಗಿತ್ತು. ಹುಡುಗಿಯರು ನೋಡಿ, “ಟೀಚರ್, ಸ್ಟೈಲು!” ಎಂದರು. ಅಲ್ಲಿಗೆ ಮುಗಿಯಿತು. ಪಾದ ಜೋತುಬೀಳಲಿಲ್ಲ, ಬೆರಳು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಬಹಳ ವರ್ಷಗಳ ನಂತರ ನಾನು ನೆಲ ನೋಡದೆ, ಎದುರಿಗೆ ಬರುವವರ ಮುಖ ನೋಡುತ್ತಾ ನಡೆದೆ. ಸಂಜೆ ಅಡುಗೆಮನೆಗೆ ಹೋದರೆ ಅಲ್ಲಿ ನೀರು ಕುಡಿಯುತ್ತಿದ್ದ ಗಂಡ ಬೆಚ್ಚಿಬಿದ್ದರು. “ಯಾವಾಗ ಬಂದಿ? ಸದ್ದಾ ಇಲ್ಲ!”

ಅದನ್ನು ಕಂಡು ಅಪ್ಪನಿಗೂ ಆಸೆಯಾಯಿತು. ಅವನಿಗೂ ಒಂದು ಜೋಡಿ ಮಾಡಿಸಿದೆವು. ಕಂಪ್ಲಿಯ ಮನೆಯ ದಿನಚರಿಯೇ ಏರುಪೇರಾಯಿತು. ಮಧ್ಯಾಹ್ನ ಅಪ್ಪ ಬಂದು ತಟ್ಟೆಯ ಮುಂದೆ ಕೂತಿದ್ದಾನೆ, ಹಂಚಿನ ಮೇಲೆ ರೊಟ್ಟಿಯಿಲ್ಲ. “ಬಂದೆ ಅಂತ ಹೇಳಬಾರ್ದೇನು? ದೆವ್ವದಂಗ ಬಂದು ಕುಂದ್ರತೀ” ಎಂದು ಅವ್ವ ರೇಗಿದಳು. ಗಿರಣಿಯಲ್ಲಿ ಇನ್ನೂ ಫಜೀತಿ. ಹಮಾಲರು ಚೀಲಗಳ ಮರೆಯಲ್ಲಿ ಕೂತು ಚೌಕಾಬಾರ ಆಡುತ್ತಿದ್ದುದು ಇಷ್ಟು ವರ್ಷ ಅಪ್ಪನಿಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಟಪ್ ಎಂಬ ಮೊದಲ ಸದ್ದಿಗೇ ಅವರು ಎದ್ದುಬಿಡುತ್ತಿದ್ದರು. ಈಗ ಅಪ್ಪ ಬಂದು ಆಟದ ಮನೆಗಳ ಮೇಲೇ ನಿಂತುಬಿಟ್ಟ. ಹಮಾಲರಿಗಿಂತ ಅಪ್ಪನೇ ಹೆಚ್ಚು ನಾಚಿಕೊಂಡನಂತೆ. ಅವರಲ್ಲಿ ಹಿರಿಯನಾದವನು ಮೆಲ್ಲಗೆ, “ಸಾವ್ಕಾರ್ರ, ಬರೋ ಮುಂದ ಒಂದು ಸೊಲ್ಪ ಕೆಮ್ರಿ” ಎಂದು ಬೇಡಿಕೊಂಡ. ಅಂದಿನಿಂದ ಅಪ್ಪ ಗಿರಣಿಯ ಬಾಗಿಲಲ್ಲಿ ನಿಂತು ಕೆಮ್ಮಿ, ಅವರಿಗೆ ಏಳಲು ಹೊತ್ತು ಕೊಟ್ಟು, ಆಮೇಲೆ ಒಳಗೆ ಹೋಗುತ್ತಾನೆ. ತಮ್ಮನಿಗೆ ಇದು ಹಿಡಿಸುವುದಿಲ್ಲ. ಅಪ್ಪ ಕೇಳುವುದಿಲ್ಲ.

ಮಗಳ ವಿಷಯ ಬಾಕಿ ಇತ್ತು. ಅವಳು ಗಣಿಗಾರಿಕೆಯ ಡಿಪ್ಲೊಮಾ ಓದುತ್ತಿದ್ದಳು, ವಾರದಲ್ಲಿ ಕೆಲವು ದಿನ ಸಂಡೂರಿನ ಅಜ್ಜಿಯ ಮನೆಯಲ್ಲೇ ಇರುತ್ತಿದ್ದಳು. ತರಬೇತಿಗೆಂದು ಬೂಟು, ಹೆಲ್ಮೆಟ್ಟು ಹಾಕಿಕೊಂಡು ಗುಡ್ಡ ಹತ್ತುವುದು, ಕೆಂಪು ಧೂಳು ಮೆತ್ತಿಕೊಂಡು ಬಂದು ಅಜ್ಜಿಯ ಕೈಲಿ ಬೈಸಿಕೊಳ್ಳುವುದು ಅವಳಿಗೆ ಇಷ್ಟ. ನಾವು ಸಂಡೂರಿಗೆ ಹೋಗಿದ್ದ ಒಂದು ದಿನ, ಜಗುಲಿಯ ಮೇಲೆ ಬೂಟು ಬಿಚ್ಚುತ್ತಾ ಅವಳೇ ಮಾತು ತೆಗೆದಳು.

“ಅವ್ವಾ, ನೀ ಎಷ್ಟು ದಿನ ಕದ್ದು ಕದ್ದು ನೋಡ್ತೀ? ಇಲ್ಲಿ ಕುಂದ್ರು. ಬರೋಬ್ಬರಿ ನೋಡು.”

ಕಾಲು ಚಾಚಿದಳು. ಎಡಗಾಲ ಹೆಬ್ಬೆರಳು ಚೆನ್ನಾಗಿ ಎದ್ದಿತು. ಬಲಗಾಲಿನದು ತಡವಾಗಿ, ಅರ್ಧಕ್ಕೆ ಎದ್ದು ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು.

“ಶಾಲಿಗೆ ಹೋಗೋ ಕಾಲದಿಂದನ ಹಿಂಗ ಐತಿ. ನನಗ ಮೊದ್ಲ ಗೊತ್ತಿತ್ತು. ಅಜ್ಜನ ಕಾಲು ಅಂತ ಖುಷಿನ ಆಗಿತ್ತು, ನಿಜ ಹೇಳ್ತೀನಿ.”

“ಟೆಸ್ಟ್ ಮಾಡಿಸೋಣೇನು?” ಎಂದೆ. ಪರೀಕ್ಷೆ ಬೇಕೋ ಬೇಡವೋ ಎಂಬುದು ಪ್ರಾಯಕ್ಕೆ ಬಂದವರೇ ತೀರ್ಮಾನಿಸುವ ವಿಷಯ ಎಂದು ಡಾಕ್ಟರು ಹೇಳಿದ್ದರು.

ಅವಳು ಸ್ವಲ್ಪ ಹೊತ್ತು ಸಾಕ್ಸಿನಿಂದ ಧೂಳು ಕೊಡವಿದಳು. “ರಕ್ತದ್ದು ಈಗ ಬ್ಯಾಡ. ಬೆರಳಾ ಹೇಳ್ತೈತಲ್ಲ. ಎದಿದು ಮಾಡಸ್ತೀನಿ, ಅದು ಉಪಯೋಗದ್ದು. ಇನ್ನ ಗುಡ್ಡ ಹತ್ತಬ್ಯಾಡ ಅಂತ ಮಾತ್ರ ಅನಬ್ಯಾಡ.”

ಬ್ಯಾಡ ಎನ್ನಲು ನನ್ನ ಬಾಯಿ ತೆರೆದಿತ್ತು. ಗಂಡ ನನ್ನ ಕೈ ಒತ್ತಿದರು. “ಬೂಟು ಒಳ್ಳೇವು ಹಾಕ್ಕೋ” ಎಂದಷ್ಟೇ ಹೇಳಿದೆ. ಆ ರಾಶಿ ಧೂಳಿನ ಬೂಟನ್ನು ಅವಳು ನನ್ನ ಮಡಿಲಿಗೇ ಇಟ್ಟು, “ಇದಕ್ಕಿಂತ ಒಳ್ಳೇವು ಎಲ್ಲಿ ಸಿಗ್ತಾವ? ಪಾದಾನ ಇದಾ ಎತ್ತಿ ಹಿಡಿತೈತಿ” ಎಂದು ಒಳಗೆ ಹೋದಳು. ಅಜ್ಜಿ ಬೈಯುವುದು ಕೇಳಿಸಿತು. ಅವಳ ಎದೆಯ ಸ್ಕ್ಯಾನ್ ಆಯಿತು, ಏನೂ ತೊಂದರೆಯಿರಲಿಲ್ಲ. ಈಗ ಅವಳು ಓದು ಮುಗಿಸಿ ಅದೇ ಸೀಮೆಯ ಒಂದು ಗಣಿಯಲ್ಲಿ ಸುರಕ್ಷತೆಯ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಎಡವದಂತೆ ನಡೆಯುವುದು ಹೇಗೆಂದು ಬೇರೆಯವರಿಗೆ ಹೇಳಿಕೊಡುವುದೇ ನನ್ನ ಕೆಲಸ ಎಂದು ನಗುತ್ತಾಳೆ.

ನನ್ನ ಕೈಬೆರಳುಗಳು ಮೊದಲಿಗಿಂತ ಸ್ವಲ್ಪ ಹೆಚ್ಚು ಜೋತುಬಿದ್ದಿವೆ. ಹಪ್ಪಳದ ಹಿಟ್ಟು ನಾದುವುದನ್ನು ಗಂಡನಿಗೆ ಬಿಟ್ಟಿದ್ದೇನೆ, ಬೋರ್ಡಿನ ಮೇಲೆ ಬರೆಯಲು ಒಬ್ಬೊಬ್ಬ ಹುಡುಗಿಗೆ ಪಾಳಿ ಹಚ್ಚಿದ್ದೇನೆ. ಬೆಳಿಗ್ಗೆ ಶಾಲೆಗೆ ಮೊದಲು ಕಾಲುವೆಯ ದಂಡೆಯಲ್ಲಿ ಸುತ್ತು ಹಾಕುತ್ತೇನೆ. ದಣಿವಾಗುವ ಮೊದಲೇ ಹಿಂತಿರುಗಬೇಕೆಂದು ಕಲಿತಿದ್ದೇನೆ.

ವರ್ಷಕ್ಕೊಮ್ಮೆ ಅಪ್ಪ, ನಾನು, ಮಗಳು ಮೂವರೂ ಒಂದೇ ದಿನ ಹೊಸಪೇಟೆಯಲ್ಲಿ ಎದೆಯ ಸ್ಕ್ಯಾನಿಗೆ ಹೋಗುತ್ತೇವೆ. ಅಪ್ಪ ಇಸ್ತ್ರಿ ಮಾಡಿದ ಪಂಚೆಯುಟ್ಟು ಮದುವೆಗೆ ಹೊರಟವನ ಹಾಗೆ ಬರುತ್ತಾನೆ. ಈ ಸಲವೂ ಹೋಗಿದ್ದೆವು. ಅಪ್ಪನ ಹೃದಯದ ಗೋಡೆ ಇದ್ದಷ್ಟೇ ಇದೆ, ಹೆಚ್ಚಿಲ್ಲ. ಡಾಕ್ಟರು, “ಯಜಮಾನ್ರ, ಎಣ್ಣಿ ಪದಾರ್ಥ ಕಮ್ಮಿ ಮಾಡ್ರಿ” ಎಂದರು. ಹೂಂ ಎಂದು ತಲೆಯಾಡಿಸಿದ ಅಪ್ಪ ಹೊರಗೆ ಬಂದವನೇ ಎದುರಿನ ಅಂಗಡಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹೇಳಿದ. ಬಿಸಿ ಮಿರ್ಚಿ ಬಂತು. ನಾನು ಅವನ ತಟ್ಟೆಯಿಂದ ಒಂದನ್ನು ತೆಗೆಯಲು ಕೈ ಚಾಚಿದೆ, ಅವನು ತಟ್ಟೆಯನ್ನು ಆ ಕಡೆ ಎಳೆದುಕೊಂಡ. ಮಗಳು ಆ ಕಡೆಯಿಂದ ಎತ್ತಿಕೊಂಡು ಅರ್ಧ ಮುರಿದು ಅಜ್ಜನ ಬಾಯಿಗಿಟ್ಟಳು. “ಡಾಕ್ಟರು ಕಮ್ಮಿ ಅಂದಾರ, ಬ್ಯಾಡ ಅಂದಿಲ್ಲ” ಎಂದು ಅಪ್ಪ ಬಾಯಿ ತುಂಬಿಕೊಂಡೇ ಹೇಳಿದ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಮಗಳು ಇನ್ನೊಂದು ತಟ್ಟೆ ತರಲು ಎದ್ದಳು.